ಎಣಿಸದೆ ಹಂಚುವ ಕೋಶ: ಮೈಸೂರಿನ ಸೈಟೋರೇಸ್‌ಗಳು ಮತ್ತು ವರ್ಣತಂತು ಹಂಚಿಕೆಯ ಪ್ರೋಟೀನ್ ಸಂಜ್ಞೆ

ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗ ಗೋಧಿ ರವೆ, ಬೆಲ್ಲ, ಅಗರ್ ಬೇಯಿಸಿದ ಆಹಾರದ ಮೇಲೆ ಸಾಕುತ್ತ ಬಂದ ಹಣ್ಣುನೊಣಗಳಲ್ಲಿ ಎರಡು ತಳಿಗಳು ಇಲ್ಲಿ ಪ್ರಸ್ತುತ. ಕೊಡಗಿನ ಡ್ರೊಸೊಫಿಲಾ ನಸೂಟ ನಸೂಟದಲ್ಲಿ 8 ವರ್ಣತಂತುಗಳಿವೆ. ಒಕಿನಾವಾ ಮೂಲದ ಡ್ರೊಸೊಫಿಲಾ ನಸೂಟ ಆಲ್ಬೊಮಿಕಾನ್ಸ್‌ನಲ್ಲಿ 6. ಎರಡನೆಯದರಲ್ಲಿ 3ನೆಯ ವರ್ಣತಂತು ಎಕ್ಸ್‌ಗೂ ವೈಗೂ ಬೆಸೆದುಕೊಂಡಿದೆ. ಇವೆರಡರ ಮಿಶ್ರತಳಿ ಬಂಜೆಯಲ್ಲ. ಅದರ ಸಂತತಿಯನ್ನು ತಲೆಮಾರುಗಟ್ಟಲೆ ಬೆಳೆಸಿದಾಗ ಹೊಸ ವರ್ಣತಂತು ವಿನ್ಯಾಸಗಳು ನೆಲೆನಿಂತವು. ಎನ್.ಬಿ. ರಾಮಚಂದ್ರ ಮತ್ತು ಎಚ್.ಎ. ರಂಗನಾಥ್ ಇದನ್ನು 1986ರಲ್ಲಿ ‘ಕ್ರೋಮೋಸೋಮಾ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಇಂಥ ತಳಿಗಳೇ ಸೈಟೋರೇಸ್‌ಗಳು.

ನನ್ನ ವಾದಕ್ಕೆ ಒಂದನೆಯ ಸೈಟೋರೇಸ್ ಸಾಕು. ಅದರ ಹೆಣ್ಣಿನಲ್ಲಿ 6, ಗಂಡಿನಲ್ಲಿ 7 ವರ್ಣತಂತುಗಳು. (ನಮ್ಮ ಕಾಡುಗಳ ಕಾಡುಕುರಿಯದೂ ಇದೇ ಲೆಕ್ಕ, ಅಲ್ಲಿಯೂ ಕಾರಣ ಎಕ್ಸ್‌ಗೆ ಅಂಟಿಕೊಂಡ ಇನ್ನೊಂದು ವರ್ಣತಂತು.) ಗಂಡಿನಲ್ಲಿ 3ನ್ನು ಬೆಸೆದುಕೊಂಡ ಎಕ್ಸ್ ಒಂದು, ಬಿಡಿ ವೈ ಒಂದು, ಬಿಡಿ 3 ಒಂದು. ವೀರ್ಯಾಣುಗಳನ್ನು ಹುಟ್ಟಿಸುವ ಮಿಯಾಸಿಸ್ ವಿಭಜನೆಯ ಮೊದಲ ಸುತ್ತಿನಲ್ಲಿ ಬೆಸೆದ ಎಕ್ಸ್ ಒಂದು ಧ್ರುವಕ್ಕೂ ಬಿಡಿ ಎರಡು ಎದುರು ಧ್ರುವಕ್ಕೂ ಹೋಗಬೇಕು. ಬಿಡಿ 3 ಎಕ್ಸ್‌ನ ಬೆನ್ನುಹತ್ತಿದರೆ ಒಂದು ವೀರ್ಯಾಣುವಿಗೆ 3ರ ಎರಡು ಪಾಲು, ಇನ್ನೊಂದಕ್ಕೆ ಒಂದೂ ಇಲ್ಲ. ಅಂಥ ವೀರ್ಯಾಣುವಿನಿಂದಾದ ಭ್ರೂಣ ಬದುಕದು. ತಳಿ ಉಳಿದುಬಂದಿದೆ ಎಂದರೆ ಹಂಚಿಕೆ ಬಹುಮಟ್ಟಿಗೆ ಸರಿಯಾಗಿಯೇ ಸಾಗಿದೆ. 8ಕ್ಕೂ 6ಕ್ಕೂ ಒಗ್ಗಿದ್ದ ವ್ಯವಸ್ಥೆ 7ನ್ನು ನಿಭಾಯಿಸಲು ಹೊಸದೇನನ್ನೂ ಕಲಿಯಬೇಕಾಗಿರಲಿಲ್ಲ, ಏಕೆಂದರೆ ಅದು ಎಣಿಸುವುದೇ ಇಲ್ಲ ಎಂಬುದು ನನ್ನ ನಿಲುವು.

ಎಣಿಸದೆ ಹಂಚುವ ಬಗೆ ಹೀಗೆ: ಪ್ರತಿ ವರ್ಣತಂತುವಿನ ಸೆಂಟ್ರೋಮಿಯರ್ ಮೇಲೆ ಕೈನೆಟೋಕೋರ್ ಎಂಬ ಪ್ರೋಟೀನ್ ಗುಚ್ಛ ಕಟ್ಟಿಕೊಳ್ಳುತ್ತದೆ. ವರ್ಣತಂತುವನ್ನು ಧ್ರುವದತ್ತ ಎಳೆಯುವ ಕದಿರಿನ ಎಳೆ ತಾಕದ ಕೈನೆಟೋಕೋರ್‌ನಲ್ಲಿ ಎಂಪಿಎಸ್1 ಕಿಣ್ವ ಕೆಎನ್‌ಎಲ್1 ಪ್ರೋಟೀನಿಗೆ ಫಾಸ್ಫೇಟ್ ಹಚ್ಚುತ್ತದೆ. ಬಬ್1, ಬಬ್3 ಪ್ರೋಟೀನುಗಳು ಅಲ್ಲಿ ಬಂದು ಕೂರುತ್ತವೆ. ಮುಂದೆ ಮ್ಯಾಡ್2 ರೂಪ ಬದಲಿಸಿ ಬಬ್‌ಆರ್1 ಜೊತೆಗೂಡಿ ಸಿಡಿಸಿ20ನ್ನು ಹಿಡಿದಿಡುತ್ತದೆ. ಸಿಡಿಸಿ20 ಸಿಗದೆ ಎಪಿಸಿ ಎಂಬ ಸಂಕೀರ್ಣಕ್ಕೆ ಸೆಕ್ಯೂರಿನ್ ಎಂಬ ಪ್ರೋಟೀನನ್ನು ನಾಶಕ್ಕೆ ಗುರುತಿಸಲಾಗದು. ಸೆಕ್ಯೂರಿನ್ ಇರುವವರೆಗೆ ಸೆಪರೇಸ್ ಕಿಣ್ವ ವರ್ಣತಂತುಗಳನ್ನು ಬಂಧಿಸಿರುವ ಕೊಹೆಸಿನ್ನನ್ನು ಕತ್ತರಿಸದು. ಒಂದೇ ಕೈನೆಟೋಕೋರ್ ಖಾಲಿ ಉಳಿದರೂ ಇಡೀ ಕೋಶ ಕಾಯುತ್ತದೆ.

ಕಾಯುವುದು ಬೇರೆ, ತಿದ್ದುವುದು ಬೇರೆ. ತಿದ್ದುವ ಕೆಲಸ ಅರೋರಾ ಬಿ ಕಿಣ್ವದ್ದು. ಸರಿಯಾದ ಜೋಡಣೆಯಲ್ಲಿ ಎರಡೂ ಧ್ರುವಗಳ ನಡುವೆ ಹಗ್ಗಜಗ್ಗಾಟ ನಡೆದು ಬಿಗಿತ ಹುಟ್ಟುತ್ತದೆ. ಬಿಗಿತವಿಲ್ಲದ ಕಡೆ ಅರೋರಾ ಬಿ ಎನ್‌ಡಿಸಿ80ಕ್ಕೆ ಫಾಸ್ಫೇಟ್ ಹಚ್ಚಿ ಹಿಡಿತ ಸಡಿಲಿಸುತ್ತದೆ, ವರ್ಣತಂತು ಮತ್ತೆ ಹುಡುಕುತ್ತದೆ. ಸೈಟೋರೇಸ್ ಗಂಡಿನ ಬಿಡಿ 3 ಎಕ್ಸ್ ಇರುವ ಧ್ರುವಕ್ಕೇ ಅಂಟಿದರೆ ಅದನ್ನು ಎದುರಿನಿಂದ ಎಳೆಯುವವರಿಲ್ಲ, ಹಿಡಿತ ಕಳಚುತ್ತದೆ. ಎದುರು ಧ್ರುವ ಸಿಕ್ಕಾಗ ಮಾತ್ರ ನೆಲೆ. ಮೂರು ತುಂಡಿದ್ದರೂ ಎರಡಿದ್ದರೂ ನಿಯಮ ಒಂದೇ.

ಇದಕ್ಕೆ ಗಟ್ಟಿ ಆಧಾರ ಮ್ಯಾಂಟಿಸ್ ಕೀಟದಿಂದ ಬಂದಿದೆ. ಅದರ ಗಂಡಿನಲ್ಲೂ ಎರಡು ಎಕ್ಸ್, ಒಂದು ವೈ ಸೇರಿ ತ್ರಿವಳಿ ಆಗುತ್ತದೆ. ಜೊತೆ ತಪ್ಪಿದ ಎಕ್ಸ್ ಇದ್ದಾಗ ವಿಭಜನೆ ಗಂಟೆಗಟ್ಟಲೆ ನಿಲ್ಲುತ್ತಿತ್ತು. ಲೀ ಮತ್ತು ನಿಕ್ಲಸ್ 1995ರಲ್ಲಿ ಅದನ್ನು ಗಾಜಿನ ಸೂಕ್ಷ್ಮ ಸೂಜಿಯಿಂದ ಎಳೆದು ಹಿಡಿದರು; ವಿಭಜನೆ ಮುಂದುವರಿಯಿತು. ವರ್ಣತಂತು ಇನ್ನೂ ಒಂಟಿಯೇ, ಆದರೆ ಎಳೆತ ಸಿಕ್ಕಿತು, ಕೋಶಕ್ಕೆ ಅಷ್ಟೇ ಸಾಕಾಯಿತು.

ಸೈಟೋರೇಸ್‌ಗಳನ್ನು ಗುರುತಿಸಿದ ಸ್ಲೈಡುಗಳೂ ಕೋಶವನ್ನು ಕಾಯಿಸುವ ಈ ತಡೆಸಂಜ್ಞೆಯ ಕೊಡುಗೆಯೇ. ಮರಿಹುಳುವಿನ ಮಿದುಳನ್ನು ಕಾಲ್ಚಿಸಿನ್ ದ್ರಾವಣದಲ್ಲಿ ಇಟ್ಟರೆ ಕದಿರಿನ ಎಳೆಗಳು ಕರಗುತ್ತವೆ, ಕೈನೆಟೋಕೋರ್‌ಗಳೆಲ್ಲ ಖಾಲಿ, ಮ್ಯಾಡ್2 ತಡೆ ಹಾಕುತ್ತದೆ. ವರ್ಣತಂತುಗಳು ಮೊಟಕಾಗಿ, ಬಿಡಿಬಿಡಿಯಾಗಿ ಎಣಿಕೆಗೆ ಸಿಗುವುದು ಆಗಲೇ. ಕೋಶ ಮಾಡದ ಎಣಿಕೆಯನ್ನು ಅದರ ತಡೆಯ ನೆರವಿನಿಂದ ನಾವು ಮಾಡಿಕೊಂಡಿದ್ದೇವೆ.

ಆದರೆ ಈ ತಡೆಗೆ ಅತಿ ಮಹತ್ವ ಕೊಡುವುದು ಸರಿಯಲ್ಲ. ಮ್ಯಾಡ್2 ಪೂರ್ತಿ ಇಲ್ಲದ ಡ್ರೊಸೊಫಿಲಾ ಮೆಲನೊಗ್ಯಾಸ್ಟರ್ ಬದುಕುತ್ತದೆ, ಮರಿಯನ್ನೂ ಪಡೆಯುತ್ತದೆ ಎಂದು 2007ರಲ್ಲಿ ತಿಳಿದುಬಂತು. ನೊಣದ ವೀರ್ಯಕೋಶದಲ್ಲಿ ತಡೆ ಸ್ವಲ್ಪ ಹೊತ್ತಿನ ವಿಳಂಬವಷ್ಟೇ. ಹಾಗಾಗಿ ಸೈಟೋರೇಸ್ ಗಂಡಿನಲ್ಲಿ ಭಾರ ಹೊತ್ತಿರುವುದು ಅರೋರಾ ಬಿ ಎಂಬುದೇ ನನ್ನ ಊಹೆ. ಪರೀಕ್ಷೆ ಕಷ್ಟದ್ದಲ್ಲ: ಆ ಗಂಡುಗಳಲ್ಲಿ ಒಮ್ಮೆ ಮ್ಯಾಡ್2ನ್ನು, ಇನ್ನೊಮ್ಮೆ ಅರೋರಾ ಬಿಯನ್ನು ಕುಗ್ಗಿಸಿ, 3 ಹೆಚ್ಚಾದ ಅಥವಾ ಇಲ್ಲವಾದ ವೀರ್ಯಾಣುಗಳನ್ನು ಹೋಲಿಸಬೇಕು. ಊಹೆ ಸರಿಯಿದ್ದರೆ ಎರಡನೆಯದರಲ್ಲಿ ದೋಷ ಬಹಳ ಹೆಚ್ಚಬೇಕು; ಎರಡರಲ್ಲೂ ಒಂದೇ ಪ್ರಮಾಣದಲ್ಲಿ ಹೆಚ್ಚಿದರೆ ಅದನ್ನು ಕೈಬಿಡಬೇಕಾಗುತ್ತದೆ.