ಬಂದಳಿಕೆಯನ್ನು ಬಿತ್ತಿ ಬೆಳೆಸುವವರು

ಮಾವಿನ ಮರದ ಕೊಂಬೆಯಲ್ಲಿ ಬಂದಳಿಕೆ ಕಂಡರೆ ನಮ್ಮ ರೈತ ಕತ್ತಿ ಹುಡುಕುತ್ತಾನೆ. ಮರದ ಸಾರ ಹೀರುವ ಈ ಗಿಡವನ್ನು ಕಡಿದು ಎಸೆಯುವುದೇ ಅವನಿಗೆ ಗೊತ್ತಿರುವ ಉಪಚಾರ. ಆದರೆ ಇಂಗ್ಲೆಂಡಿನಲ್ಲಿ ಫೆಬ್ರುವರಿ ಬಂತೆಂದರೆ ಕೆಲವರು ಹಿತ್ತಿಲಿನ ಸೇಬಿನ ಮರಕ್ಕೆ ಏಣಿ ಹಾಕಿ, ಬಂದಳಿಕೆಯ ಬಿಳಿ ಹಣ್ಣುಗಳನ್ನು ಹಿಸುಕಿ, ಬೀಜವನ್ನು ಕೊಂಬೆಗೆ ಅಂಟಿಸುತ್ತಾರೆ. ಬೇಡದ ಗಿಡವನ್ನು ಬೇಕೆಂದೇ ಬೆಳೆಸುವ ಈ ಕೆಲಸದ ಹಿಂದೆ ಎರಡು ಸಾವಿರ ವರ್ಷಗಳ ಕಥೆಯಿದೆ.

ಇಂಗ್ಲಿಷರು ಇದನ್ನು ಮಿಸಲ್‌ಟೋ ಎನ್ನುತ್ತಾರೆ. ಸಸ್ಯಶಾಸ್ತ್ರದ ಹೆಸರು ವಿಸ್ಕಮ್ ಆಲ್ಬಮ್. ಇದೇ ಕುಲದ ಬೇರೆ ಜಾತಿಯ ಗಿಡಗಳು ನಮ್ಮ ಪಶ್ಚಿಮ ಘಟ್ಟದ ಮರಗಳ ಮೇಲೂ ಇವೆ. ಇದು ಪೂರ್ಣ ಪರಾವಲಂಬಿಯಲ್ಲ. ಎಲೆಯಲ್ಲಿ ಹಸಿರಿರುವುದರಿಂದ ತನ್ನ ಅಡುಗೆಯನ್ನು ತಾನೇ ಮಾಡಿಕೊಳ್ಳುತ್ತದೆ. ನೀರು ಮತ್ತು ಲವಣಗಳನ್ನು ಮಾತ್ರ ಮರದಿಂದ ಕಸಿದುಕೊಳ್ಳುತ್ತದೆ. ಯುರೋಪಿನ ಚಳಿಗಾಲದಲ್ಲಿ ಸೇಬು, ಪಾಪ್ಲರ್, ಲೈಮ್ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತಾಗ, ಅವುಗಳ ನಡುವೆ ಈ ಗಿಡ ಹಸಿರು ಚೆಂಡಿನಂತೆ ತೂಗುತ್ತಿರುತ್ತದೆ. ಬೇರು ನೆಲ ಮುಟ್ಟದು, ಎಲೆ ಬಾಡದು. ಸತ್ತಂತೆ ಕಾಣುವ ಮರದಲ್ಲಿ ಜೀವ ಉಳಿಸಿಕೊಂಡ ಈ ಗಿಡ ಹಿಂದಿನವರಿಗೆ ಪವಿತ್ರವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕ್ರಿ.ಶ. ಒಂದನೇ ಶತಮಾನದ ರೋಮನ್ ಲೇಖಕ ಪ್ಲಿನಿ ಇದರ ಬಗ್ಗೆ ವಿವರವಾಗಿ ಬರೆದಿದ್ದಾನೆ. ಗಾಲ್ ದೇಶದ ಪುರೋಹಿತರಾದ ಡ್ರೂಯಿಡರು ಓಕ್ ಮರದ ಮೇಲಿನ ಮಿಸಲ್‌ಟೋವನ್ನು ಬಿದಿಗೆ ಚಂದ್ರನ ಲೆಕ್ಕ ಹಿಡಿದು, ಆರನೆಯ ದಿನ ಕೊಯ್ಯುತ್ತಿದ್ದರಂತೆ. ಬಿಳಿ ಬಟ್ಟೆ ತೊಟ್ಟ ಪುರೋಹಿತ ಚಿನ್ನದ ಕುಡುಗೋಲಿನಿಂದ ಕತ್ತರಿಸಿದರೆ, ಕೆಳಗೆ ನಿಂತವರು ಬಿಳಿ ವಸ್ತ್ರದಲ್ಲಿ ಹಿಡಿಯಬೇಕು. ಬಳಿಕ ಎರಡು ಬಿಳಿ ಹೋರಿಗಳ ಬಲಿ. ಚಿನ್ನದಂಥ ಮೆತ್ತನೆಯ ಲೋಹದಿಂದ ಗಟ್ಟಿ ಕಾಂಡ ಕತ್ತರಿಸಲು ಆಗುತ್ತಿತ್ತೇ ಎಂದು ಪ್ಲಿನಿಯನ್ನು ಯಾರೂ ಕೇಳಿದಂತಿಲ್ಲ. ಓಕ್ ಮರದ ಮೇಲೆ ಈ ಗಿಡ ಬಲು ಅಪರೂಪ. ಇಂದಿಗೂ ಇಂಗ್ಲೆಂಡಿನಲ್ಲಿ ಅಂಥ ಮರಗಳು ಬೆರಳೆಣಿಕೆಯಷ್ಟು. ಅಪರೂಪವಾದದ್ದೇ ಆ ಗೌರವಕ್ಕೆ ಕಾರಣವಿರಬೇಕು.

ಪ್ಲಿನಿ ಇನ್ನೊಂದು ಮಾತನ್ನೂ ಹೇಳಿದ. ಈ ಗಿಡದ ಬೀಜವನ್ನು ಹೇಗೆ ಬಿತ್ತಿದರೂ ಮೊಳೆಯದು; ಹಕ್ಕಿಯ ಹೊಟ್ಟೆಯಲ್ಲಿ ಪಕ್ವವಾಗಿ ಹೊರಬಂದರೆ ಮಾತ್ರ ಮೊಳೆಯುತ್ತದೆ ಎಂದು. ಹಣ್ಣಿನ ಅಂಟಿನಿಂದಲೇ ಹಕ್ಕಿ ಹಿಡಿಯುವ ಬಂಕೆಯನ್ನು ತಯಾರಿಸುತ್ತಿದ್ದರು. ಹೀಗಾಗಿ ಥ್ರಶ್ ಹಕ್ಕಿ ತನ್ನ ಸಾವನ್ನು ತಾನೇ ಹಿಕ್ಕೆ ಹಾಕುತ್ತದೆ ಎಂಬ ಗಾದೆ ಲ್ಯಾಟಿನ್ ಭಾಷೆಯಲ್ಲಿ ಹುಟ್ಟಿತು. ತಾನು ತೋಡಿದ ಗುಂಡಿಗೆ ತಾನೇ ಬಿದ್ದ ಎಂದು ನಾವು ಹೇಳುವುದಿಲ್ಲವೇ, ಹಾಗೆ.

ಪ್ಲಿನಿಯ ಮಾತು ಅರ್ಧ ಸತ್ಯವಾಗಿತ್ತು. ಆದರೆ ಅದನ್ನು ತಿದ್ದಲು ಹೊರಟವರು ಇನ್ನೂ ದೂರ ಹೋದರು. ಪ್ರಯೋಗವೇ ಜ್ಞಾನದ ದಾರಿ ಎಂದು ಸಾರಿದ ಫ್ರಾನ್ಸಿಸ್ ಬೇಕನ್, ತನ್ನ ಸಾವಿನ ನಂತರ 1627ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಹಕ್ಕಿಯ ಕಥೆಯನ್ನೇ ಕಟ್ಟುಕಥೆ ಎಂದು ತಳ್ಳಿಹಾಕಿದ. ಮರಕ್ಕೆ ಅರಗಿಸಿಕೊಳ್ಳಲಾಗದ ಹೆಚ್ಚಿನ ರಸವೇ ಹೀಗೆ ಗಿಡವಾಗಿ ಹೊರಬರುತ್ತದೆ ಎಂದು ಅವನ ತರ್ಕ. ಒಂದು ಹಣ್ಣನ್ನು ಕೊಂಬೆಗೆ ಉಜ್ಜಿ ನೋಡಿದ್ದರೆ ವಾದ ಮುಗಿಯುತ್ತಿತ್ತು. 18ನೇ ಶತಮಾನದ ಹೊತ್ತಿಗೆ ಇಂಗ್ಲಿಷ್ ತೋಟಗಾರರು ಅದನ್ನೇ ಮಾಡಿದರು. ಹಕ್ಕಿಯ ಹೊಟ್ಟೆಯಲ್ಲಿ ಯಾವ ಮಾಯೆಯೂ ಇರಲಿಲ್ಲ. ಸಿಪ್ಪೆ, ತಿರುಳು ಕಳೆದು ಬೀಜವನ್ನು ಕೊಂಬೆಗೆ ತಲುಪಿಸುವುದಷ್ಟೇ ಅದರ ಕೆಲಸ; ಆ ಕೆಲಸವನ್ನು ಮನುಷ್ಯನ ಬೆರಳೂ ಮಾಡಬಲ್ಲದು.

ಅದೇ 18ನೇ ಶತಮಾನದ ಕೊನೆಯಲ್ಲಿ ಗಿಡಕ್ಕೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಕ್ರಿಸ್‌ಮಸ್ ದಿನಗಳಲ್ಲಿ ಮನೆಯ ಬಾಗಿಲಿಗೆ ತೂಗುಹಾಕಿದ ಮಿಸಲ್‌ಟೋ ಕೆಳಗೆ ನಿಂತ ಹೆಣ್ಣಿಗೆ ಮುತ್ತು ಕೊಡಬಹುದೆಂಬ ಪದ್ಧತಿ ಇಂಗ್ಲೆಂಡಿನಲ್ಲಿ ಹಬ್ಬಿತು. ಒಂದು ಮುತ್ತಿಗೆ ಒಂದು ಹಣ್ಣು ಕೀಳಬೇಕು, ಹಣ್ಣು ಮುಗಿದರೆ ಸಲುಗೆಯೂ ಮುಗಿಯಿತು ಎಂಬ ನಿಯಮವನ್ನು ಅಮೆರಿಕದ ಲೇಖಕ ವಾಷಿಂಗ್ಟನ್ ಇರ್ವಿಂಗ್ 1820ರ ಸುಮಾರಿಗೆ ದಾಖಲಿಸಿದ್ದಾನೆ. ಡಿಕನ್ಸ್‌ನ 'ಪಿಕ್‌ವಿಕ್ ಪೇಪರ್ಸ್' ಕಾದಂಬರಿಯಲ್ಲೂ ಈ ಗದ್ದಲ ಬರುತ್ತದೆ. ಡ್ರೂಯಿಡರ ನಂಟಿನಿಂದಾಗಿ ಹಲವು ಚರ್ಚುಗಳು ಇದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಯಾರ್ಕ್ ನಗರದ ದೊಡ್ಡ ಚರ್ಚಿನಲ್ಲಿ ಮಾತ್ರ ಕ್ರಿಸ್‌ಮಸ್ ಮುನ್ನಾದಿನ ಪೂಜಾಪೀಠದ ಮೇಲೆಯೇ ಇಡುತ್ತಿದ್ದರು ಎಂದು 18ನೇ ಶತಮಾನದ ವಿದ್ವಾಂಸ ವಿಲಿಯಂ ಸ್ಟೂಕ್ಲಿ ಬರೆದಿದ್ದಾನೆ.

ಬೇಡಿಕೆ ಬಂದ ಮೇಲೆ ಮಾರುಕಟ್ಟೆ ಬರಲೇಬೇಕು. ಹಿಯರ್‌ಫರ್ಡ್‌ಶೈರ್, ವೂಸ್ಟರ್‌ಶೈರ್, ಗ್ಲಾಸ್ಟರ್‌ಶೈರ್, ಸಾಮರ್‌ಸೆಟ್ ಇವು ಸೇಬಿನ ಸೈಡರ್ ಪಾನೀಯಕ್ಕೆ ಹೆಸರಾದ ಜಿಲ್ಲೆಗಳು. ಮಿಸಲ್‌ಟೋ ಹೆಚ್ಚಾಗಿ ಬೆಳೆಯುವುದೂ ಇಲ್ಲಿಯೇ. ವೂಸ್ಟರ್‌ಶೈರಿನ ಟೆನ್‌ಬರಿ ವೆಲ್ಸ್ ಎಂಬ ಪುಟ್ಟ ಪೇಟೆಯಲ್ಲಿ ಕ್ರಿಸ್‌ಮಸ್ಸಿಗೆ ಮುನ್ನ ಇದರ ಕಟ್ಟುಗಳನ್ನು ಹರಾಜು ಹಾಕುವ ವಾಡಿಕೆ ನೂರು ವರ್ಷಕ್ಕೂ ಹಳೆಯದು. ಸೇಬು ಮಾರಿ ಮುಗಿದ ಮೇಲೆ, ಚಳಿಗಾಲದಲ್ಲಿ ಕೈಗೆ ಬರುವ ಈ ಕಾಸು ತೋಟದವರಿಗೆ ಹಬ್ಬದ ಖರ್ಚಿಗೆ ಒದಗುತ್ತಿತ್ತು.

ತೊಂದರೆ ಬಂದದ್ದು ತೋಟಗಳಿಗೆ. ಎತ್ತರದ ಹಳೆಯ ಸೇಬಿನ ಮರಗಳನ್ನು ಕಡಿದು ಗಿಡ್ಡ ತಳಿಗಳನ್ನು ಸಾಲು ಹಿಡಿದು ನೆಟ್ಟರು. ಕೆಲವೆಡೆ ತೋಟವೇ ಮನೆ ನಿವೇಶನವಾಯಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1900ರಿಂದೀಚೆಗೆ ಸಾಂಪ್ರದಾಯಿಕ ತೋಟಗಳ ಐದರಲ್ಲಿ ನಾಲ್ಕು ಪಾಲು ಕಣ್ಮರೆಯಾಗಿದೆ ಎಂದು ನ್ಯಾಷನಲ್ ಟ್ರಸ್ಟ್ ಸಂಸ್ಥೆ 2022ರಲ್ಲಿ ಲೆಕ್ಕ ಹಾಕಿತು. ಹಾಗೆಂದು ಮಿಸಲ್‌ಟೋ ಅಳಿದೇ ಹೋಗುತ್ತಿದೆ ಎನ್ನುವುದು ಅವಸರದ ಮಾತು. 1994ರಿಂದ 1996ರವರೆಗೆ ನಡೆದ ರಾಷ್ಟ್ರವ್ಯಾಪಿ ಸಮೀಕ್ಷೆಯಲ್ಲಿ ಅದು ಹಿತ್ತಿಲು, ಉದ್ಯಾನಗಳಲ್ಲೂ ನೆಲೆಸಿರುವುದು ಕಂಡುಬಂತು. ಉಳಿದ ತೋಟಗಳಲ್ಲಿ ಸಮಸ್ಯೆ ತದ್ವಿರುದ್ಧ. ಕತ್ತರಿಸುವವರಿಲ್ಲದೆ ಗಿಡ ಮಿತಿಮೀರಿ ಬೆಳೆದು, ಮುದಿ ಮರಗಳು ಅದರ ಭಾರಕ್ಕೇ ಬೀಳುತ್ತಿವೆ. ಮರ ಬಿದ್ದರೆ ಮಿಸಲ್‌ಟೋ ಕೂಡ ಸತ್ತಿತು. ಅದನ್ನೇ ನಂಬಿದ ಪತಂಗ, ಜೀರುಂಡೆಗಳೂ ಹೋದವು.

ಇನ್ನೊಂದು ತೊಡಕೂ ಇದೆ. ಈ ಗಿಡದಲ್ಲಿ ಗಂಡು, ಹೆಣ್ಣು ಬೇರೆ ಬೇರೆ. ಹಣ್ಣು ಬಿಡುವುದು ಹೆಣ್ಣು ಮಾತ್ರ. ಹಬ್ಬಕ್ಕೆ ಹಣ್ಣಿರುವ ಕೊಂಬೆಯೇ ಬೇಕಾದ್ದರಿಂದ ವರ್ಷವರ್ಷವೂ ಹೆಣ್ಣನ್ನೇ ಕಡಿದು, ಗಂಡನ್ನು ಹಾಗೇ ಬಿಟ್ಟರೆ ಕೊನೆಗೆ ಮರದಲ್ಲಿ ಗಂಡಿನದೇ ರಾಜ್ಯವಾಗುತ್ತದೆ.

ಹಿತ್ತಿಲಿನಲ್ಲಿ ಬೆಳೆಸುವವರು ಮಾಡುವ ಸಾಮಾನ್ಯ ತಪ್ಪು, ಕ್ರಿಸ್‌ಮಸ್ಸಿಗೆ ತಂದ ಒಣಗಿದ ಹಣ್ಣನ್ನು ಬಳಸುವುದು. ಡಿಸೆಂಬರಿನಲ್ಲಿ ಹಣ್ಣು ಪೂರ್ತಿ ಬಲಿತಿರುವುದಿಲ್ಲ. ಫೆಬ್ರುವರಿ ಅಥವಾ ಮಾರ್ಚಿಯಲ್ಲಿ ಗಿಡದಿಂದ ಆಗಷ್ಟೇ ಕಿತ್ತದ್ದು ಒಳ್ಳೆಯದು. ಸೇಬಿನ ಮೇಲೆ ಬೆಳೆದ ಗಿಡದ ಹಣ್ಣನ್ನು ಸೇಬಿಗೇ ಹಚ್ಚಬೇಕು. ಸಿಪ್ಪೆ ತೆಗೆದು, ಬೀಜವನ್ನು ಅದರ ಅಂಟಿನ ಸಮೇತ ಬೆರಳ ಗಾತ್ರದ ಎಳೆಯ ಕೊಂಬೆಗೆ ಒತ್ತಿದರೆ ಸಾಕು. ತೊಗಟೆಯನ್ನು ಸೀಳಿ ಬೀಜವನ್ನು ಒಳಗೆ ಹುದುಗಿಸಬೇಕೆಂಬ ಹಳೆಯ ಸಲಹೆ ಕೆಡುಕನ್ನೇ ಮಾಡುತ್ತದೆ. ಈ ಬೀಜ ಮೊಳೆಯಲು ಬೆಳಕು ಬೇಕು. ಬ್ಲ್ಯಾಕ್‌ಕ್ಯಾಪ್ ಎಂಬ ಪುಟ್ಟ ಹಕ್ಕಿ ಇದನ್ನೇ ಮಾಡುತ್ತದೆ. ತಿರುಳು ತಿಂದು ಕೊಕ್ಕಿಗಂಟಿದ ಬೀಜವನ್ನು ಒಂದೊಂದಾಗಿ ಕೊಂಬೆಗೆ ಒರೆಸುತ್ತದೆ.

ಕೆಲವೇ ವಾರಗಳಲ್ಲಿ ಬೀಜದಿಂದ ಹಸಿರು ಮೊಳಕೆಯೊಂದು ಬಾಗಿ ತೊಗಟೆಯನ್ನು ಮುಟ್ಟುತ್ತದೆ. ಆಮೇಲೆ ಒಂದು ವರ್ಷ ಹೊರಗೆ ಏನೂ ಕಾಣದು. ಹಲವನ್ನು ಇತರ ಹಕ್ಕಿಗಳು ತಿಂದು ಹಾಕುವುದರಿಂದ ತಿಳಿದವರು ಒಂದು ಮರಕ್ಕೆ ಹತ್ತಿಪ್ಪತ್ತು ಬೀಜಗಳನ್ನಾದರೂ ಅಂಟಿಸುತ್ತಾರೆ. ಉಳಿದದ್ದು ಎರಡು ಎಲೆ ಬಿಟ್ಟು, ವರ್ಷಕ್ಕೊಮ್ಮೆ ಕವಲೊಡೆಯುತ್ತ ಹೋಗುತ್ತದೆ. ಹೂ ಬಿಡಲು ನಾಲ್ಕೈದು ವರ್ಷ ಬೇಕು. ಬೆಳೆದದ್ದು ಗಂಡೋ ಹೆಣ್ಣೋ ಎಂದು ಬಿತ್ತಿದವರಿಗೆ ತಿಳಿಯುವುದು ಆಗಲೇ.