ಕೆನ್ ಕೆನಡಿ (ಗಣಕ ವಿಜ್ಞಾನಿ)

ಕೆನ್ ಕೆನಡಿ (ಆಗಸ್ಟ್ 12, 1945 – ಫೆಬ್ರವರಿ 7, 2007) ಅಮೆರಿಕದ ಗಣಕ ವಿಜ್ಞಾನಿ ಹಾಗೂ ಹ್ಯೂಸ್ಟನ್ ನಗರದ ರೈಸ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದರು. ಸಮಾಂತರ ಕಂಪ್ಯೂಟರ್‌ಗಳಿಗೆ ಬೇಕಾದ ಕಂಪೈಲರ್‌ಗಳ ಸಂಶೋಧನೆಗಾಗಿ ಅವರು ಪ್ರಸಿದ್ಧರು.

ಜೀವನ

ರೈಸ್‌ನಲ್ಲಿ ಗಣಿತದ ಪದವಿ (1967) ಪಡೆದ ಕೆನಡಿ, ನ್ಯೂಯಾರ್ಕ್ ವಿಶ್ವವಿದ್ಯಾಲಯದಿಂದ 1971ರಲ್ಲಿ ಪಿಎಚ್‌.ಡಿ. ಗಳಿಸಿ ತಾವು ಓದಿದ ಸಂಸ್ಥೆಗೇ ಅಧ್ಯಾಪಕರಾಗಿ ಮರಳಿದರು. 1984ರಲ್ಲಿ ಅಲ್ಲಿ ಆರಂಭವಾದ ಗಣಕ ವಿಜ್ಞಾನ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥರು. 1990ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದರು.

ಅವಲಂಬನೆಯ ವಿಶ್ಲೇಷಣೆ

ಒಂದು ಲೂಪ್ ಸಾವಿರ ಬಾರಿ ಸುತ್ತುವುದಾದರೆ, ಆ ಸಾವಿರ ಸುತ್ತುಗಳನ್ನು ಹಲವು ಪ್ರೊಸೆಸರ್‌ಗಳಿಗೆ ಹಂಚಬಹುದೇ ಎಂಬುದು ಕಂಪೈಲರ್‌ನ ಮುಂದಿರುವ ಪ್ರಶ್ನೆ. ಎರಡು ಪಟ್ಟಿಗಳ ಸಂಖ್ಯೆಗಳನ್ನು ಜೋಡಿಜೋಡಿಯಾಗಿ ಕೂಡುವಾಗ ಪ್ರತಿ ಸುತ್ತೂ ಸ್ವತಂತ್ರ, ಹಾಗಾಗಿ ಹಂಚಬಹುದು. ಪ್ರತಿ ಸುತ್ತೂ ಹಿಂದಿನ ಸುತ್ತಿನ ಫಲಿತಾಂಶವನ್ನು ಬಳಸುವುದಾದರೆ ಹಾಗೆಯೇ ಹಂಚಿದಾಗ ಉತ್ತರ ತಪ್ಪಾಗಬಹುದು. ಇಂತಹ ಅವಲಂಬನೆಗಳನ್ನು ಗುರುತಿಸಿ ಲೂಪ್‌ಗಳನ್ನು ಸುರಕ್ಷಿತವಾಗಿ ಮಾರ್ಪಡಿಸುವ ವಿಧಾನಗಳನ್ನು ಕೆನಡಿ ಮತ್ತು ಅವರ ವಿದ್ಯಾರ್ಥಿಗಳು ಬೆಳೆಸಿದರು. ರ‍್ಯಾಂಡಿ ಅಲೆನ್ ಅವರೊಡನೆ ಬರೆದ "ಆಪ್ಟಿಮೈಸಿಂಗ್ ಕಂಪೈಲರ್ಸ್ ಫಾರ್ ಮಾಡರ್ನ್ ಆರ್ಕಿಟೆಕ್ಚರ್ಸ್" (2001) ಈ ವಿಷಯದ ಪ್ರಮುಖ ಗ್ರಂಥ.

ಹೈ ಪರ್ಫಾರ್ಮೆನ್ಸ್ ಫೋರ್ಟ್ರಾನ್

ದತ್ತಾಂಶವು ಅನೇಕ ಪ್ರೊಸೆಸರ್‌ಗಳ ಪ್ರತ್ಯೇಕ ಸ್ಮೃತಿಗಳಲ್ಲಿ ಹಂಚಿಹೋಗಿರುವ ಯಂತ್ರಗಳಲ್ಲಿ ಅವಲಂಬನೆಯ ವಿಶ್ಲೇಷಣೆಯೊಂದೇ ಸಾಲದು. 1993ರಲ್ಲಿ ಪ್ರಕಟವಾದ ಈ ಭಾಷೆಯ ರಚನೆಯಲ್ಲಿ ಕೆನಡಿ ಮುಂದಾಳುಗಳಲ್ಲೊಬ್ಬರು. ದತ್ತಾಂಶವನ್ನು ಹೇಗೆ ಹಂಚಬೇಕೆಂದು ಪ್ರೋಗ್ರಾಮರ್ ಸೂಚಿಸಿದರೆ ಸಾಕು, ಪ್ರೊಸೆಸರ್‌ಗಳ ನಡುವಣ ಸಂವಹನವನ್ನು ಕಂಪೈಲರ್ ತಾನೇ ರಚಿಸಬೇಕೆಂಬುದು ಇದರ ಆಶಯ. ಆದರೆ ಆರಂಭದ ಕಂಪೈಲರ್‌ಗಳು ಪಕ್ವವಾಗಿರಲಿಲ್ಲ; ಒಂದೇ ಪ್ರೋಗ್ರಾಮ್ ಬೇರೆ ಬೇರೆ ಯಂತ್ರಗಳಲ್ಲಿ ಸಮಾನ ವೇಗ ತೋರುತ್ತಿರಲಿಲ್ಲ. ಬಹಳಷ್ಟು ಬಳಕೆದಾರರು ಸಂವಹನವನ್ನು ತಾವೇ ಬರೆಯಬೇಕಾದ, ಶ್ರಮದಾಯಕವಾದ ಎಂಪಿಐ ಪದ್ಧತಿಗೆ ಹೊರಳಿದರು.

ಈ ಹಿನ್ನಡೆಯನ್ನು ಕೆನಡಿ ಮರೆಮಾಚಲಿಲ್ಲ. ಭಾಷೆಯ ಏಳುಬೀಳುಗಳನ್ನು ಒಂದು ಪಾಠವೆಂದು ಪರಿಶೀಲಿಸುವ ಪ್ರಬಂಧವನ್ನು ಚಾರ್ಲ್ಸ್ ಕೋಲ್ಬೆಲ್ ಮತ್ತು ಹಾನ್ಸ್ ಝೀಮಾ ಅವರೊಡನೆ ಬರೆದರು. ಅದು ಪ್ರಕಟವಾದದ್ದು 2007ರ ಜೂನ್‌ನಲ್ಲಿ, ಅವರು ತೀರಿಕೊಂಡ ಕೆಲವು ತಿಂಗಳ ಬಳಿಕ. ವ್ಯಾಪಕ ಬಳಕೆಗೆ ಬರದಿದ್ದರೂ ಈ ಭಾಷೆಯ ದತ್ತಾಂಶ ಹಂಚಿಕೆಯ ಪರಿಕಲ್ಪನೆಗಳು ಚಾಪೆಲ್‌ನಂತಹ ನಂತರದ ಸಮಾಂತರ ಭಾಷೆಗಳಲ್ಲಿ ಮುಂದುವರಿದಿವೆ.

ಸ್ಮರಣೆ

ಉನ್ನತ ಸಾಮರ್ಥ್ಯದ ಗಣನೆಯಲ್ಲಿನ ಸಾಧನೆಗಾಗಿ ಎಸಿಎಂ ಮತ್ತು ಐಇಇಇ ಕಂಪ್ಯೂಟರ್ ಸೊಸೈಟಿ ಜಂಟಿಯಾಗಿ ನೀಡುವ ಪ್ರಶಸ್ತಿಯೊಂದಕ್ಕೆ ಕೆನಡಿಯವರ ಹೆಸರನ್ನಿಡಲಾಗಿದೆ.