ಕಲ್ಲಿನಡಿಯ ಒಕ್ಕಲು

ಕುದುರೆಮುಖದ ಹಳ್ಳಗಳಲ್ಲಿ ಆಷಾಢದ ನೆರೆಗೆ ಕಲ್ಲುಗಳೇ ಉರುಳುತ್ತವೆ, ಅವುಗಳ ಮೇಲಿದ್ದ ಹುಳುಗಳು ಕೊಚ್ಚಿಹೋಗುತ್ತವೆ. ನೀರು ಇಳಿದ ಕೆಲವೇ ವಾರಗಳಲ್ಲಿ ಅದೇ ಬೋಳುಕಲ್ಲುಗಳ ಮೇಲೆ ಮತ್ತೆ ಜೀವ ಕಾಣಿಸುತ್ತದೆ.

ಹೀಗೆ ಬರುವ ಹುಳುಗಳಲ್ಲಿ ಹೆಚ್ಚಿನವು ಮೇಲಿನಿಂದ ಹರಿವಿನೊಡನೆ ತೇಲಿಬರುತ್ತವೆ, ಅದೂ ಬಹುಪಾಲು ಕತ್ತಲಾದ ಮೇಲೆ, ಮೀನುಗಳ ಕಣ್ಣು ತಪ್ಪಿಸಿ. ಕೆಲವು ಕೆಳಗಿನಿಂದ ತೆವಳಿ ಬರುತ್ತವೆ. ಎಲ್ಲವೂ ತೇಲಿಹೋಗುತ್ತಲೇ ಇದ್ದರೆ ಮೇಲಿನ ಹಳ್ಳ ಬರಿದಾಗಬೇಕಲ್ಲವೇ? ರೆಕ್ಕೆ ಬಂದ ಹೆಣ್ಣುಗಳು ಹರಿವಿಗೆದುರಾಗಿ ಹಾರಿ, ಮೇಲ್ಭಾಗದಲ್ಲಿ ಮೊಟ್ಟೆಯಿಟ್ಟು ಆ ನಷ್ಟ ತುಂಬುತ್ತವೆ ಎಂದು ಉತ್ತರ ಸ್ವೀಡನ್ನಿನ ಹೊಳೆಗಳನ್ನು ಅಭ್ಯಸಿಸಿದ ಕಾರ್ಲ್ ಮ್ಯೂಲರ್ 1954ರಲ್ಲಿ ವಾದಿಸಿದರು.

ಕಪ್ಪುನೊಣದ ಮರಿ ನೆಲೆಯೂರುವ ಬಗೆ ನೋಡುವಂಥದ್ದು. ಬಾಯಿಂದ ರೇಷ್ಮೆಯ ಅಂಟು ಉಗುಳಿ ಕಲ್ಲಿಗೆ ಮೆತ್ತುತ್ತದೆ; ದೇಹದ ಹಿಂತುದಿಯ ಪುಟ್ಟ ಕೊಕ್ಕೆಗಳನ್ನು ಅದರಲ್ಲಿ ಸಿಕ್ಕಿಸುತ್ತದೆ; ಆಮೇಲೆ ತಲೆಯ ಮೇಲಿನ ಎರಡು ಬೀಸಣಿಗೆ ಬಿಚ್ಚಿ ನೀರಿನಲ್ಲಿ ಬರುವ ಆಹಾರ ಸೋಸುತ್ತದೆ. ಜಾರಿದರೂ ರೇಷ್ಮೆಯ ಎಳೆಯೊಂದು ಹಿಡಿದಿರುತ್ತದೆ.

ನೆರೆಯಲ್ಲಿ ಜಲ್ಲಿಯ ಸಂದಿಗಳಿಗೆ ಇಳಿದ ಹುಳುಗಳೂ ಬದುಕುಳಿದು ಮೇಲೆ ಬರುತ್ತವೆ. ಆ ಸಂದಿಗಳಿಗೆ ಹೂಳು ತುಂಬಿದರೆ ಈ ದಾರಿ ಮುಚ್ಚುತ್ತದೆ. ಇಲ್ಲಿನ ಕಬ್ಬಿಣದ ಗಣಿಯಿಂದ ಭದ್ರೆಗೆ ಸೇರುತ್ತಿದ್ದ ಹೂಳು ದೊಡ್ಡ ಆತಂಕವಾಗಿತ್ತು. ಗಣಿಗಾರಿಕೆ 2005ರ ಕೊನೆಗೆ ನಿಂತಿತು.